ಒಲೆಯಿಂದ ಬೀದಿಗೆ: ಗ್ರೀಸಿನ ಸೂವ್ಲಾಕಿ ನಡೆದ ಹಾದಿ

ಗ್ರೀಸಿನ ಬೀದಿ ತಿಂಡಿಗಳ ಚರಿತ್ರೆ ಹೇಳುವವರು ಹೋಮರನಿಂದ ಹೊರಟು ನೇರವಾಗಿ ಇಂದಿನ ಅಥೆನ್ಸಿನ ಮೊನಾಸ್ಟಿರಾಕಿ ಚೌಕಕ್ಕೆ ಬಂದು ನಿಲ್ಲುವುದು ರೂಢಿ. ಮಹಾಕಾವ್ಯದ ವೀರರು ಕಂಬಿಗೆ ಮಾಂಸ ಪೋಣಿಸಿ ಸುಟ್ಟರು, ಇಂದಿನವರು ಅದನ್ನೇ ಪಿಟಾ ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಾರೆ, ನಡುವಿನ ಸಾವಿರಾರು ವರ್ಷಗಳಲ್ಲಿ ಹರಿದಿರುವುದು ಒಂದೇ ಎಳೆ ಎಂಬ ವಾದ ಅದು. ಆದರೆ ಆಧಾರಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡಿದರೆ ಎರಡು ಬೇರೆ ಎಳೆಗಳು ಕಾಣಿಸುತ್ತವೆ. ಕಂಬಿಯಲ್ಲಿ ಸುಡುವ ಸೂವ್ಲಾಕಿಯ ಹಳೆಯ ಕುರುಹುಗಳೆಲ್ಲ ಮನೆಯೊಳಗಿನವು. ಅದು ಬೀದಿಗಿಳಿದು ಊರೆಲ್ಲ ತಿನ್ನುವ ತಿಂಡಿಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಬಹುಮಟ್ಟಿಗೆ ಮನೆಮಠ ಕಳೆದುಕೊಂಡು ಬಂದವರ ಕೈಯಿಂದ.

ಮೊದಲ ಎಳೆಗೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಸ್ಯಾಂಟೊರಿನಿ ದ್ವೀಪದ ಅಕ್ರೋತಿರಿಯಲ್ಲಿದೆ. ಸ್ಪಿರಿಡಾನ್ ಮರಿನಾಟೋಸ್ 1967ರಲ್ಲಿ ಅಲ್ಲಿ ಉತ್ಖನನ ಆರಂಭಿಸಿದರು. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಊರು ಅದು. ಅಲ್ಲಿ ಸಿಕ್ಕ ಪಾತ್ರೆಪರಡಿಗಳ ನಡುವೆ ಕಂಬಿಗಳನ್ನು ಹೊರುವ ಆನಿಕೆಗಳ ಜೋಡಿಗಳಿವೆ. ತುದಿಗೆ ಪ್ರಾಣಿಯ ತಲೆಯ ಆಕಾರ, ಮೇಲಂಚಿನಲ್ಲಿ ಸಮ ಅಂತರದ ಕಚ್ಚುಗಳು. ಒಂದರ ಕಚ್ಚಿಗೆ ಇನ್ನೊಂದರ ಕಚ್ಚು ಸರಿಯಾಗಿ ಎದುರಾಗುವುದರಿಂದ ಕಂಬಿ ಓರೆಯಾಗದೆ ಕೂರುತ್ತದೆ. ಬುಡದಲ್ಲಿ ಸಾಲಾಗಿ ಸಣ್ಣ ತೂತುಗಳಿವೆ, ಕೆಂಡಕ್ಕೆ ಗಾಳಿಯಾಡಲು. ಉರಿಯಲ್ಲಿ ಮಾಂಸ ಕರಕಾಗುತ್ತದೆ, ಕೆಂಡದಲ್ಲಿ ಬೇಯುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲ ಅಡುಗೆಯವರು ಮಾಡಿಸಿಕೊಂಡ ಉಪಕರಣವಿದು. ಎತ್ತಿ ಅತ್ತಿತ್ತ ಇಡಬಹುದಾದ, ಒಂದು ಕುಟುಂಬಕ್ಕೆ ಸಾಕಾಗುವ ಗಾತ್ರ ಇದರದು.

ಇದಕ್ಕಿಂತ ಕೆಲವು ಶತಮಾನ ಈಚಿನ ಮೈಸೀನಿಯನ್ ನೆಲೆಗಳಲ್ಲಿ ಉದ್ದನೆಯ ಮಣ್ಣಿನ ತಟ್ಟೆಗಳು ಸಿಕ್ಕಿವೆ. ಇವನ್ನು ಬೆಂಕಿಯ ಮೇಲಿಡುತ್ತಿದ್ದರೋ, ಇವುಗಳೊಳಗೇ ಕೆಂಡ ತುಂಬುತ್ತಿದ್ದರೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಪುರಾತತ್ತ್ವಜ್ಞೆ ಜೂಲಿ ರೂಬಿ ಅಂಥದೇ ತಟ್ಟೆಗಳನ್ನು ಮಾಡಿಸಿ ಅಡುಗೆ ಮಾಡಿಯೇ ನೋಡಿದರು. ಬೆಂಕಿಯ ಮೇಲಿಟ್ಟಾಗ ದಪ್ಪ ಮಣ್ಣು ಶಾಖವನ್ನು ಮಾಂಸಕ್ಕೆ ಮುಟ್ಟಿಸಲಿಲ್ಲ. ಕೆಂಡವನ್ನು ಒಳಗೆ ಹಾಕಿದಾಗ ಮಾಂಸ ಬೆಂದಿತು. 2014ರಲ್ಲಿ ಅವರು ಮಂಡಿಸಿದ ಈ ಫಲಿತಾಂಶ ನನಗೆ ಬಹಳ ಮುಖ್ಯವೆನಿಸುತ್ತದೆ. ಅಡುಗೆಯ ಚರಿತ್ರೆಯಲ್ಲಿ ಬೇಯಿಸಿ ನೋಡುವುದೂ ಸಂಶೋಧನೆಯೇ. ಪಠ್ಯಗಳು ಬಾಯಿಬಿಡದ ಕಡೆ ಅದೊಂದೇ ದಾರಿ.

ಹೋಮರನನ್ನೂ ಹೀಗೆಯೇ ಓದಬೇಕು. ಇಲಿಯಡ್‌ನ ಒಂಬತ್ತನೆಯ ಸರ್ಗದಲ್ಲಿ ಅಕಿಲೀಸನನ್ನು ಒಲಿಸಲು ರಾಯಭಾರಿಗಳು ಬರುತ್ತಾರೆ. ಮಾತಿಗೆ ಮೊದಲು ಊಟ. ಪಟ್ರೋಕ್ಲಸ್ ಬೆಂಕಿ ಮಾಡುತ್ತಾನೆ, ಅಕಿಲೀಸ್ ತಾನೇ ಮಾಂಸ ಹೆಚ್ಚಿ ಕಂಬಿಗೆ ಪೋಣಿಸುತ್ತಾನೆ. ಉರಿ ಇಳಿದ ಮೇಲೆ ಕೆಂಡ ಹರಡಿ, ಆನಿಕೆಯ ಮೇಲೆ ಕಂಬಿಯಿಟ್ಟು, ಉಪ್ಪು ಉದುರಿಸುತ್ತಾರೆ. ಯಜಮಾನ ತನ್ನ ಬಿಡಾರದಲ್ಲಿ ಅತಿಥಿಗೆ ಮಾಡಿ ಬಡಿಸುವ ಅಡುಗೆಯಿದು, ಕೊಂಡು ತಿನ್ನುವುದಲ್ಲ. ಮುಂದೆ ನಗರರಾಜ್ಯಗಳ ಕಾಲದಲ್ಲೂ ಮಾಂಸದ ದೊಡ್ಡ ಸಂದರ್ಭವೆಂದರೆ ಬಲಿ. ಒಳಾಂಗಗಳನ್ನು ಕಂಬಿಯಲ್ಲಿ ಸುಟ್ಟು ಅಲ್ಲೇ ತಿನ್ನುತ್ತಿದ್ದರು, ಉಳಿದದ್ದು ಸಾಮಾನ್ಯವಾಗಿ ಬೇಯಿಸಲು ಹೋಗುತ್ತಿತ್ತು. ಹಾಗೆಂದು ಬೀದಿ ವ್ಯಾಪಾರವೇ ಇರಲಿಲ್ಲ ಎನ್ನುವಂತಿಲ್ಲ. ಕ್ರಿ.ಪೂ. 424ರ ತನ್ನ ‘ನೈಟ್ಸ್’ ನಾಟಕದಲ್ಲಿ ಅರಿಸ್ಟೋಫನೀಸ್ ಸಂತೆಯ ವ್ಯಾಪಾರಿಯೊಬ್ಬನನ್ನೇ ನಾಯಕನನ್ನಾಗಿ ಮಾಡಿದ. ಆದರೆ ಆತ ಮಾರುವುದು ಕರುಳಿಗೆ ತುಂಬಿದ ಸಾಸೇಜು.

  

ಎರಡನೆಯ ಎಳೆ ಹತ್ತೊಂಬತ್ತನೆಯ ಶತಮಾನದ ಆಟೊಮನ್ ನಗರಗಳಲ್ಲಿ ಶುರುವಾಗುತ್ತದೆ. ಅಡ್ಡಲಾಗಿದ್ದ ಕಂಬಿ ಅಲ್ಲಿ ನೆಟ್ಟಗೆ ನಿಂತಿತು. ಜೇಮ್ಸ್ ರಾಬರ್ಟ್‌ಸನ್ 1855ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಇಂಥ ನಿಂತ ಕಂಬಿಯ ಮಾಂಸವನ್ನು ಕಾಣಬಹುದು. ಸಣ್ಣದಾಗಿ ಕಾಣುವ ಈ ಬದಲಾವಣೆಯ ಪರಿಣಾಮ ದೊಡ್ಡದು. ಅಡ್ಡ ಕಂಬಿಯಲ್ಲಿ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಹೊಗೆಯೇಳುತ್ತದೆ. ನಿಂತ ಕಂಬಿಯಲ್ಲಿ ಅದು ಮಾಂಸದ ಮೈಮೇಲೇ ಇಳಿದು ಕೆಳಗಿನ ಪದರಗಳನ್ನು ನೆನೆಸುತ್ತದೆ. ಹೊರಪದರ ಬೆಂದಂತೆ ಕೆತ್ತಬೇಕು, ಕೆತ್ತಿದ ಮೇಲೆ ಮುಂದಿನ ಪದರ ಬೆಂಕಿಗೆ ಮುಖ ಕೊಡುತ್ತದೆ. ಗಿರಾಕಿ ಬರುತ್ತಲೇ ಇದ್ದರೆ ಮಾತ್ರ ಇದು ನಡೆಯುತ್ತದೆ, ಇಲ್ಲವಾದರೆ ಮಾಂಸ ಒಣಗುತ್ತದೆ. ಐದಾರು ಜನರ ಮನೆಯಲ್ಲಿ ಈ ವಿಧಾನಕ್ಕೆ ಜಾಗವಿಲ್ಲ. ಇದಕ್ಕೆ ನಗರ ಬೇಕು, ಜನಜಂಗುಳಿ ಬೇಕು.

ಗ್ರೀಸಿಗೆ ಆ ಜನಜಂಗುಳಿ ಒದಗಿದ್ದು ದುರಂತದ ಮೂಲಕ. ಗ್ರೀಸ್–ಟರ್ಕಿ ಯುದ್ಧದ ಕೊನೆಗೆ, 1922ರ ಸೆಪ್ಟೆಂಬರಿನಲ್ಲಿ, ಏಜಿಯನ್ ಕಡಲಿನ ಆಚೆ ದಡದ ಸ್ಮಿರ್ನಾ ನಗರ ಹೊತ್ತಿ ಉರಿಯಿತು. 1923ರ ಜನವರಿಯಲ್ಲಿ ಲೋಸಾನ್‌ನಲ್ಲಿ ಆದ ಒಪ್ಪಂದ ಎರಡು ದೇಶಗಳ ನಡುವೆ ಜನವಿನಿಮಯವನ್ನು ಕಡ್ಡಾಯಗೊಳಿಸಿತು. ಒಟ್ಟು ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಅನತೋಲಿಯ ಮತ್ತು ಪೂರ್ವ ಥ್ರೇಸ್ ಬಿಟ್ಟು ಗ್ರೀಸಿಗೆ ಬಂದರು, ಸುಮಾರು 4 ಲಕ್ಷ ಮುಸ್ಲಿಮರು ಗ್ರೀಸ್ ಬಿಟ್ಟು ಹೋದರು. ಪಿರೇಯಸ್ ಬಂದರಿನ ಪಕ್ಕದ ಕೊಕ್ಕಿನಿಯಾದಂಥ ಬಡಾವಣೆಗಳು ನಿರಾಶ್ರಿತರಿಂದ ತುಂಬಿದವು. ಅಂಗಡಿ, ಹೊಲ, ಮನೆ ಎಲ್ಲವೂ ಆಚೆ ದಡದಲ್ಲಿ ಉಳಿಯಿತು. ಕೈಯಲ್ಲಿದ್ದ ಕಸುಬು ಮಾತ್ರ ಜೊತೆಗೆ ಬಂತು. ಗ್ರೀಕರೂ ಅರ್ಮೇನಿಯನ್ನರೂ ಕಬಾಬಿನ ಒಲೆ ಹೂಡಿದರು. ಈ ತಿಂಡಿಯನ್ನು ಪ್ರಾಚೀನ ವೈಭವಕ್ಕೆ ಮಾತ್ರ ಗಂಟುಹಾಕುವ ಬರಹಗಳು ಇವರ ಶ್ರಮವನ್ನು ಮರೆಸುತ್ತವೆ. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

1941–42ರ ಕ್ಷಾಮ, 1949ರವರೆಗಿನ ಅಂತರ್ಯುದ್ಧ ಮುಗಿದು ಹಳ್ಳಿಗರು ಕೆಲಸ ಹುಡುಕಿಕೊಂಡು ಅಥೆನ್ಸಿಗೆ ಬಂದ 1950–60ರ ದಶಕಗಳಲ್ಲಿ ಸೂವ್ಲಾಕಿ ಅಂಗಡಿಗಳು ಬೀದಿಬೀದಿಗೆ ಹಬ್ಬಿದವು. ನಿಂತ ಕಂಬಿಯ ಗೀರೋಸ್‌ಗೆ ಕುರಿ ಮಾಂಸದ ಬದಲು ಹಂದಿ ಮಾಂಸದ ಪದರಗಳು ಬಂದವು. ಕ್ರಿಸ್‌ಮಸ್ ಹೊತ್ತಿಗೆ ಮನೆಯ ಹಂದಿ ಕಡಿಯುವ ಪದ್ಧತಿಯಿದ್ದ ಹಳ್ಳಿಗಳಿಂದ ಬಂದವರಿಗೆ ಅದು ಪರಿಚಿತ ರುಚಿ. ಜೊತೆಗೆ ಸುತ್ತುವ ಟೊಮೆಟೊ ಅಥೆನ್ಸಿಗೆ ಕಾಲಿಟ್ಟದ್ದು 1818ರಲ್ಲಿ, ಕಪುಚಿನ್ ಮಠದ ತೋಟದ ಮೂಲಕ ಎನ್ನುತ್ತಾರೆ. ಅದರೊಂದಿಗೆ ಸೇರುವ ಆಲೂಗಡ್ಡೆಯ ಪ್ರಚಾರ ಸ್ವತಂತ್ರ ಗ್ರೀಸಿನ ಮೊದಲ ಆಡಳಿತಗಾರ ಕಪೊದಿಸ್ತ್ರಿಯಾಸ್ ಕಾಲದ್ದು. ‘ಪ್ರಾಚೀನ’ ತಿಂಡಿಯ ಅರ್ಧ ಸಾಮಗ್ರಿ ಇನ್ನೂರು ವರ್ಷದ್ದು.

ಮನೆಯ ಎಳೆ ಮಾತ್ರ ಕಡಿದುಹೋಗಿಲ್ಲ. ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸದ ಮೊದಲ ದಿನವಾದ ಶುಭ್ರ ಸೋಮವಾರಕ್ಕೆ 11 ದಿನ ಮುಂಚೆ ಬರುವ ‘ತ್ಸಿಕ್ನೋಪೆಂಪ್ತಿ’ ಗುರುವಾರ ಗ್ರೀಸಿನ ಅಂಗಳ, ಬಾಲ್ಕನಿಗಳಲ್ಲೆಲ್ಲ ಮಾಂಸ ಸುಡುತ್ತಾರೆ.

ಮನೆಯ ವಿಧಾನ ಹೋಮರನಷ್ಟೇ ಸರಳ. ಹಂದಿಯ ಭುಜದ ಮಾಂಸವನ್ನು 2–3 ಸೆಂಟಿಮೀಟರ್ ತುಂಡುಗಳಾಗಿ ಹೆಚ್ಚಿ, ಆಲಿವ್ ಎಣ್ಣೆ, ಒರಿಗಾನೊ, ಉಪ್ಪು ಬೆರೆಸಿ ಕೆಲವು ಗಂಟೆ ಬಿಡಬೇಕು. ನಿಂಬೆರಸ ಕಡಿಮೆ ಇರಲಿ, ಹುಳಿ ಹೆಚ್ಚು ಹೊತ್ತು ತಾಗಿದರೆ ಮಾಂಸದ ಮೇಲ್ಮೈ ಮೆತ್ತಗಾಗುತ್ತದೆ. ಮರದ ಕಡ್ಡಿಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ಪೋಣಿಸಿ, ಬೂದಿ ಮುಸುಕಿದ ಕೆಂಡದ ಮೇಲೆ ತಿರುಗಿಸುತ್ತ ಸುಡಬೇಕು. ಜೊತೆಗೆ ಬಡಿಸುವ ಮೊಸರಿನ ವ್ಯಂಜನ ತ್ಸಾತ್ಸಿಕಿಗೆ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿಳಿಸಬೇಕು. ಶ್ರೀಖಂಡಕ್ಕೆ ಮೊಸರು ಕಟ್ಟಿ ಅಭ್ಯಾಸವಿರುವ ನಮ್ಮ ಉತ್ತರ ಕರ್ನಾಟಕದವರಿಗೆ ಇದು ಹೊಸದಲ್ಲ. ಸೌತೆಕಾಯಿ ತುರಿಗೆ ಉಪ್ಪು ಹಚ್ಚಿ ಹಿಂಡಿ, ಜಜ್ಜಿದ ಬೆಳ್ಳುಳ್ಳಿ, ಆಲಿವ್ ಎಣ್ಣೆ, ತುಸು ವಿನೆಗರ್ ಸೇರಿಸಿದರೆ ಆಯಿತು. ಗ್ರೀಸಿನ ಪಿಟಾಗೆ ಒಳಗೆ ಜೇಬಿರುವುದಿಲ್ಲ. ಲಟ್ಟಿಸಿದ ಯೀಸ್ಟ್ ಹಿಟ್ಟಿಗೆ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ ಕಾದ ಕಬ್ಬಿಣದ ಕಾವಲಿಗೆ ಹಾಕಿದರೆ ಉಬ್ಬದೆ ಮೆತ್ತಗೆ ಬೇಯುತ್ತದೆ.

ಗೀರೋಸ್ ಮನೆಗೆ ಒಗ್ಗುವುದಿಲ್ಲ. ತೆಳ್ಳಗೆ ಸೀಳಿದ ಮಾಂಸವನ್ನು ಕಾದ ಬಾಣಲೆಯಲ್ಲಿ ಸ್ವಲ್ಪಸ್ವಲ್ಪವಾಗಿ ಹಾಕಿ ಅಂಚು ಗರಿಗರಿಯಾಗುವಂತೆ ಹುರಿಯುವುದು ಅದಕ್ಕೆ ಹತ್ತಿರದ ದಾರಿ. ಒಮ್ಮೆಗೇ ತುಂಬಿದರೆ ಮಾಂಸ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ.