ಮದ್ದೂರಿನಿಂದ ತಲಕಾಡಿಗೆ: ಎರಡು ಬೇಡಿಕೆಗಳ ಹಾದಿ

ಶಿಂಷಾ ತೀರದ ಮದ್ದೂರಿನಲ್ಲಿ ವಡೆ ತಿಂದು, ಮೈಸೂರಿನ ಹಾದಿಯನ್ನು ಬಿಟ್ಟು ಮಳವಳ್ಳಿಯ ಕಡೆಗೆ ತಿರುಗುವ ಪ್ರವಾಸಿಗರ ಗುರಿ ಸಾಮಾನ್ಯವಾಗಿ ಗಗನಚುಕ್ಕಿಯ ಧುಮುಕು, ಆಮೇಲೆ ತಲಕಾಡಿನ ಮರಳು. ನಡುವಣ ಕಬ್ಬು, ಭತ್ತದ ಬಯಲನ್ನು ಅವರು ಕಿಟಕಿಯಿಂದ ನೋಡಿ ಮುಂದೆ ಸಾಗುತ್ತಾರೆ. ಗಂಗರ ನಾಡು ಚೋಳರ ವಶವಾಗಿ, ಮುಂದೆ ಹೊಯ್ಸಳರ ಕೈಸೇರಿದ ಕಥೆಯ ಎರಡು ಮುಖ್ಯ ಸಾಕ್ಷ್ಯಗಳು ದೊರೆತದ್ದು ಈ ಸೀಮೆಯಲ್ಲಿಯೇ. ಎರಡರಲ್ಲಿಯೂ ಯುದ್ಧ ಗೆದ್ದ ಮೇಲೆ ಒಡೆಯನು ಮೆಚ್ಚಿ, ಬೇಡಿದ್ದನ್ನು ಕೊಡುವೆನೆನ್ನುತ್ತಾನೆ.

ಮೊದಲನೆಯದು ಆತಕೂರಿನ ಶಾಸನ. ಶಕವರ್ಷ 872, ಎಂದರೆ ಕ್ರಿ.ಶ. 949-50ರ ಈ ಕಲ್ಲು ತಕ್ಕೋಲದ ಕಾಳಗವನ್ನು ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಆಳು ಮಣಲೇರನು ಆ ಕಾಳಗದಲ್ಲಿ ಮೆಚ್ಚುಗೆ ಪಡೆದು ಬೇಡಿದ್ದು ಹೊನ್ನನ್ನಲ್ಲ, ಊರನ್ನೂ ಅಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಂದರೊಡನೆ ಕಾದಿ, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರದ ಮುಂದೆ ಅದಕ್ಕೆ ಕಲ್ಲು ನಿಂತಿತು, ಭೂಮಿ ಬಿಟ್ಟಿತು. ಪೂಜಿಸುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂಬ ಎಚ್ಚರಿಕೆಯೂ ಇದೆ. ಜಿನಧರ್ಮಕ್ಕೆ ಒಲಿದಿದ್ದ ಅರಸನ ಆಳು, ಶಿವಾಲಯದ ಅಂಗಳ, ಬೇಟೆಯ ನಾಯಿ: ಹತ್ತನೆಯ ಶತಮಾನದ ಗಂಗನಾಡನ್ನು ಒಂದೇ ಧರ್ಮದ ಚೌಕಟ್ಟಿನಲ್ಲಿ ಓದುವವರಿಗೆ ಈ ಕಲ್ಲು ತೊಡಕಾಗಬೇಕು.

ತಕ್ಕೋಲದ ಗೆಲುವು ಬಹುಕಾಲ ಉಳಿಯಲಿಲ್ಲ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ತಲಕಾಡು ಚೋಳರದಾಯಿತು. ಅದನ್ನು ಮರಳಿ ಗೆದ್ದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಒಡೆಯನು ಮೆಚ್ಚಿದಾಗ ಅವನು ಬೇಡಿದ್ದು ತಿಪ್ಪೂರನ್ನು. ಬೇಡಿ ತಾನಿಟ್ಟುಕೊಳ್ಳದೆ ಮೂಲಸಂಘ, ಕ್ರಾಣೂರ್ಗಣದ ಮೇಘಚಂದ್ರ ಸಿದ್ಧಾಂತದೇವರಿಗೆ 1117ರಲ್ಲಿ ಧಾರೆಯೆರೆದನು. ಪರಮ ಗ್ರಾಮವನ್ನೂ ಹೀಗೆಯೇ ಬೇಡಿ, ತಾಯಿ ಪೋಚಲದೇವಿ ಮತ್ತು ಮಡದಿ ಲಕ್ಷ್ಮೀದೇವಿಯರು ಮಾಡಿಸಿದ ಬೆಳ್ಗೊಳದ ಬಸದಿಗಳಿಗೆ ಬಿಟ್ಟನೆಂಬುದನ್ನು ನೆನೆದರೆ, ಇದು ಅವನ ರೂಢಿಯೇ ಆಗಿದ್ದಂತೆ ತೋರುತ್ತದೆ.

ಆ ತಿಪ್ಪೂರೇ ಇಂದಿನ ಅರೆತಿಪ್ಪೂರು. ಸಂಶೋಧಕರು ಒಂದನ್ನು ಗಮನಿಸಬೇಕು: ಇಂದು ಎರಡೂ ಊರುಗಳು ಮದ್ದೂರು ತಾಲ್ಲೂಕಿನವು, ರೈಸ್ ಅವರ ಸಂಪುಟದಲ್ಲಾದರೋ ಆತಕೂರು ಮಂಡ್ಯದಡಿಯಲ್ಲಿ, ತಿಪ್ಪೂರು ಮಳವಳ್ಳಿಯಡಿಯಲ್ಲಿ ದೊರೆಯುತ್ತವೆ. ಇನ್ನು ಸಾತಕರ್ಣಿ ಹೆಸರಿನ ಪ್ರಾಕೃತ ಶಾಸನವುಳ್ಳ ಮಳವಳ್ಳಿ ಶಿಕಾರಿಪುರ ತಾಲ್ಲೂಕಿನದು, ಇದಲ್ಲ.

ಆತಕೂರಿಗೆ ಹೋದವರಿಗೆ ಆ ಕಲ್ಲು ಅಲ್ಲಿ ಸಿಗದು. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿಗಳ ಕೆತ್ತನೆ, ಅಕ್ಷರ ಎರಡೂ ಸುರಕ್ಷಿತ. ಗೊರವನಿಗೆ ಒಪ್ಪಿಸಿದ ಊರಿನ ಕರ್ತವ್ಯ ಮಾತ್ರ ಹಿಂದೆಯೇ ಉಳಿಯಿತು. ಅರೆತಿಪ್ಪೂರಿನ ಸವಣಪ್ಪನ ಗುಡ್ಡದಲ್ಲಿ ಹಾಗಾಗಿಲ್ಲ. ಶ್ರವಣನನ್ನು ಸವಣಪ್ಪನೆಂದು ಊರವರೇ ಒಗ್ಗಿಸಿಕೊಂಡ ಆ ಹೆಸರಿನ ಬಂಡೆಯ ಮೇಲೆ, ಆಳೆತ್ತರವನ್ನು ಮೀರಿದ ಗೊಮ್ಮಟನು ಬಯಲಿನಲ್ಲೇ ನಿಂತಿದ್ದಾನೆ. ಎದುರಿನ ಕನಕಗಿರಿಯಲ್ಲಿ ಬಸದಿಗಳ ಅವಶೇಷಗಳಿವೆ.