ತಂತಿಯಿಲ್ಲದ ಕೀಲಿಮಣೆ ಅಗ್ಗವಾದ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ನಿಂತು, ಸಾವಿರ ರೂಪಾಯಿಯ ಆಚೀಚೆ ದೊರೆಯುವ ತಂತಿಯಿಲ್ಲದ ಕೀಲಿಮಣೆ ಮತ್ತು ಮೌಸಿನ ಜೋಡಿಯನ್ನು ಕೊಳ್ಳುವಾತನು ಅದರ ಬಣ್ಣವನ್ನು ನೋಡುತ್ತಾನೆ, ಗುಂಡಿಗಳನ್ನು ಒತ್ತಿ ಸಪ್ಪಳವನ್ನು ಆಲಿಸುತ್ತಾನೆ, ಐವತ್ತು ರೂಪಾಯಿಗಾಗಿ ಚೌಕಾಸಿ ಮಾಡುತ್ತಾನೆ. ಆದರೆ ಬೆಲೆಯು ಅಷ್ಟು ಕೆಳಕ್ಕೆ ಇಳಿದುದು ಹೇಗೆಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ವಿಚಾರಿಸಿದರೆ ತಿಳಿದುಬರುವ ಸಂಗತಿ ಸ್ವಾರಸ್ಯವಾದುದು. ತಂತಿಯನ್ನು ಕತ್ತರಿಸುವುದು ಯಂತ್ರಶಿಲ್ಪಿಗಳಿಗೆ ಅಷ್ಟೇನೂ ದುಸ್ಸಾಧ್ಯವಾಗಿರಲಿಲ್ಲ. ಕತ್ತರಿಸಿದ ಮೇಲೂ ಪದಾರ್ಥವು ಸಾಮಾನ್ಯ ಗೃಹಸ್ಥನ ಕೈಗೆಟಕುವಂತೆ ಮಾಡುವುದಕ್ಕೆ ದಶಕಗಳೇ ಹಿಡಿದುವು. ಅದು ಕೈಗೂಡಿದುದರಲ್ಲಿ ಯಂತ್ರಜ್ಞರ ಮಿತವ್ಯಯದ ಜಾಣ್ಮೆಗೆ ಎಷ್ಟು ಪಾಲುಂಟೋ, ಸರಕಾರಗಳು ಆಕಾಶತರಂಗಗಳ ಒಂದು ಪಟ್ಟಿಯನ್ನು ಶುಲ್ಕವಿಲ್ಲದೆ ಜನತೆಗೆ ಬಿಟ್ಟುಕೊಟ್ಟ ಔದಾರ್ಯಕ್ಕೂ ಅಷ್ಟೇ ಪಾಲುಂಟು.

ಈ ಜೋಡಿಯಲ್ಲಿ ಕೀಲಿಮಣೆಯೇ ಹಿರಿಯದು. ಅಮೆರಿಕದ ಮಿಲ್‌ವಾಕಿ ನಗರದ ಕ್ರಿಸ್ಟೊಫರ್ ಲೇಥಮ್ ಶೋಲ್ಸ್ ತನ್ನ ಸಂಗಡಿಗರೊಡನೆ 1868ರಲ್ಲಿ ಸ್ವಾಮ್ಯಪತ್ರ ಪಡೆದ ಬೆರಳಚ್ಚು ಯಂತ್ರವು, ಬಂದೂಕು ತಯಾರಿಸಿ ಹೆಸರಾಗಿದ್ದ ರೆಮಿಂಗ್ಟನ್ ಕಾರ್ಖಾನೆಯಿಂದ 1874ರಲ್ಲಿ ಪೇಟೆಗೆ ಬಂದಿತು. ಆ ಕಾಲದಲ್ಲಿ ನೆಲೆಗೊಂಡ ಅಕ್ಷರವಿನ್ಯಾಸವೇ ಅಲ್ಪಸ್ವಲ್ಪ ಮಾರ್ಪಾಟಿನೊಡನೆ ಇಂದಿಗೂ ನಮ್ಮ ಮೇಜಿನ ಮೇಲಿದೆ. ಮೌಸಾದರೋ ತೊಂಬತ್ತು ವರ್ಷಗಳಷ್ಟು ಕಿರಿಯದು. 1964ರ ಸುಮಾರಿನಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಆತನ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಕಟ್ಟಿದ ಮೊದಲ ಮೌಸು ಮರದ ಪುಟ್ಟ ಪೆಟ್ಟಿಗೆಯಾಗಿದ್ದಿತು. ಅಡಿಯಲ್ಲಿ ಪರಸ್ಪರ ಲಂಬವಾಗಿ ನಿಂತ ಎರಡು ಲೋಹದ ಚಕ್ರಗಳು, ಮೇಲೆ ಒಂದೇ ಒಂದು ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಭೆಯೊಂದರಲ್ಲಿ ಎಂಗೆಲ್‌ಬಾರ್ಟ್ ಕೀಲಿಮಣೆಯನ್ನೂ ಮೌಸನ್ನೂ ಒಟ್ಟಿಗೆ ದುಡಿಸಿ ತೋರಿಸಿದಾಗ ಈ ಜೋಡಿಯ ದಾಂಪತ್ಯ ಲೋಕಕ್ಕೆ ಪ್ರಕಟವಾಯಿತು.

ದಾಂಪತ್ಯವು ದುಬಾರಿಯಾಗಿದ್ದಿತು. ಮೌಸನ್ನು ಕಚೇರಿಯ ಮೇಜಿಗೆ ತಂದ ಜೆರಾಕ್ಸ್ ಕಂಪನಿಯ ‘ಸ್ಟಾರ್’ ಗಣಕಕ್ಕೆ 1981ರಲ್ಲಿ 16,595 ಡಾಲರ್ ಬೆಲೆಯಿದ್ದಿತು. ಮೌಸೊಂದಕ್ಕೇ ನೂರಾರು ಡಾಲರ್ ತಗಲುತ್ತಿದ್ದಿತು. ಅದನ್ನು ಹದಿನೈದು ಡಾಲರಿನೊಳಗೆ ತಯಾರಿಸಬೇಕೆಂದು ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಹೋವಿ–ಕೆಲ್ಲಿ ಎಂಬ ವಿನ್ಯಾಸಕಾರರಿಗೆ ಒಪ್ಪಿಸಿದಾಗ, ಅವರು ಮೊದಲ ಪ್ರಯೋಗಕ್ಕೆ ಆಯ್ದುಕೊಂಡ ಸಾಮಗ್ರಿಗಳೆಂದರೆ ಬೆವರಿನ ವಾಸನೆ ತಡೆಯುವ ದ್ರವ್ಯದ ಸೀಸೆಯ ಬಾಯಲ್ಲಿ ಉರುಳುವ ಗುಂಡು ಮತ್ತು ಬೆಣ್ಣೆ ಇಡುವ ಕರಡಿಗೆ. ಗುಂಡನ್ನು ಬಿಗಿಯಾಗಿ ಹಿಡಿಯುವ ಜಟಿಲ ಏರ್ಪಾಟನ್ನೆಲ್ಲ ತೊರೆದು ಅದನ್ನು ಸ್ವೇಚ್ಛೆಯಾಗಿ ಉರುಳಲು ಬಿಟ್ಟುದೇ ಅವರ ಯುಕ್ತಿ. ಅಗ್ಗದ ಮೌಸಿನ ವಂಶವು ಅಲ್ಲಿಂದ ಬೆಳೆಯಿತೆನ್ನಬಹುದು.

ಇಷ್ಟಾದರೂ ಬಾಲದಂತಹ ತಂತಿ ಉಳಿದೇ ಇದ್ದಿತು. ಅದನ್ನು ಕತ್ತರಿಸಿ ಮನೆಮನೆಗೆ ಮಾರಹೊರಟ ಮೊದಲಿಗರಲ್ಲಿ ಐ.ಬಿ.ಎಂ. ಎಂಬ ಮಹಾಸಂಸ್ಥೆಯೂ ಒಂದು. ಅದರ ಅನುಭವವು ಈ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾದುದರಿಂದ ಕೊಂಚ ನಿಂತು ನೋಡತಕ್ಕದ್ದು. 1983ರ ನವೆಂಬರಿನಲ್ಲಿ ಘೋಷಿತವಾದ ‘ಪಿಸಿ ಜೂನಿಯರ್’ ಗಣಕದ ಕೀಲಿಮಣೆಗೆ ತಂತಿಯಿರಲಿಲ್ಲ. ಟೆಲಿವಿಷನ್ನಿನ ರಿಮೋಟಿನಂತೆ ಅದು ಅವಕೆಂಪು ಕಿರಣಗಳ ಮೂಲಕ ಅಕ್ಷರಗಳನ್ನು ಕಳುಹಿಸುತ್ತಿದ್ದಿತು. ಸೋಫಾದಲ್ಲಿ ಒರಗಿಕೊಂಡು ಗಣಕವನ್ನು ಬಳಸುವ ಕುಟುಂಬವೊಂದನ್ನು ಕಲ್ಪಿಸಿಕೊಂಡವರಿಗೆ ಇದು ಮನೋಹರವಾಗಿಯೇ ಕಂಡಿರಬೇಕು. ಆದರೆ ಅವಕೆಂಪು ಕಿರಣವು ನೇರ ದೃಷ್ಟಿಯ ಪ್ರಾಣಿ: ನಡುವೆ ಯಾರಾದರೂ ಹಾದುಹೋದರೆ ಅಕ್ಷರ ಲೋಪವಾಗುತ್ತಿದ್ದಿತು, ಒಂದೇ ಕೊಠಡಿಯಲ್ಲಿ ಎರಡು ಯಂತ್ರಗಳನ್ನಿಟ್ಟರೆ ಒಂದರ ಮಾತು ಇನ್ನೊಂದರ ಕಿವಿಗೆ ಬೀಳುತ್ತಿದ್ದಿತು. ಸಾಲದುದಕ್ಕೆ ಗುಂಡಿಗಳು ಒಂದಕ್ಕೊಂದು ದೂರವಾಗಿ, ಮಕ್ಕಳು ಅಗಿಯುವ ಗಮ್ಮಿನ ತುಂಡುಗಳಷ್ಟು ಕಿರಿದಾಗಿದ್ದು, ಬೆರಳಚ್ಚು ಕಲಿತವರಿಗೆ ಅಸಹನೀಯವಾಗಿದ್ದುವು. ಇವೆಲ್ಲಕ್ಕೂ ಮಿಗಿಲಾದ ವಿನೋದವೇನೆಂದರೆ, ತಂತಿಯೇ ಬೇಕೆಂದವರು ಅದಕ್ಕೆ ಬೇರೆಯಾಗಿ ಹಣ ತೆರಬೇಕಾಗಿದ್ದಿತು. ಮರುವರ್ಷ ಕಂಪನಿಯು ಹಳೆಯ ಕೀಲಿಮಣೆಗೆ ಬದಲಾಗಿ ಹೊಸದೊಂದನ್ನು ಉಚಿತವಾಗಿ ಕೊಟ್ಟರೂ ಗಣಕದ ಕೀರ್ತಿ ಚೇತರಿಸಿಕೊಳ್ಳಲಿಲ್ಲ. 1985ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು.

ಬೆಳಕಿನ ಮಾರ್ಗ ಸೋತ ಮೇಲೆ ರೇಡಿಯೋ ಮಾರ್ಗದ ಸರದಿ. ಸ್ವಿಟ್ಜರ್ಲೆಂಡಿನ ಗ್ರಾಮವೊಂದರಲ್ಲಿ 1981ರಲ್ಲಿ ಹುಟ್ಟಿದ ಲಾಜಿಟೆಕ್ ಕಂಪನಿಯು 1991ರಲ್ಲಿ ರೇಡಿಯೋ ತರಂಗಗಳಿಂದ ನಡೆಯುವ ಮೌಸನ್ನು ಮಾರಿತು. ಮುಂದಿನ ಕೆಲವು ವರ್ಷಗಳಲ್ಲಿ ಬಂದ ಜೋಡಿಗಳಲ್ಲಿ ಬಹುಪಾಲು 27 ಮೆಗಾಹರ್ಟ್ಸಿನ ಸುತ್ತಮುತ್ತಲ ಪಟ್ಟಿಯಲ್ಲಿ ಕೆಲಸ ಮಾಡುತ್ತಿದ್ದುವು. ಆ ಪಟ್ಟಿಯಲ್ಲಿ ಆಟಿಕೆ ಕಾರುಗಳೂ ಓಡಾಡುತ್ತಿದ್ದುವು, ಜಾಗವೂ ಇಕ್ಕಟ್ಟು. 2002ರಲ್ಲಿ ನಾರ್ವೆಯ ಸ್ಟಾವಂಗರ್ ಪಟ್ಟಣದಲ್ಲಿ ಒಬ್ಬನ ಮನೆಯ ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳು ನೂರು ಮೀಟರಿಗೂ ಆಚೆಯಿದ್ದ ನೆರೆಯವನ ಗಣಕದ ತೆರೆಯ ಮೇಲೆ ಮೂಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು.

ಇಕ್ಕಟ್ಟಿನಿಂದ ಬಿಡುಗಡೆ ದೊರೆತುದು 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನವು ಅದನ್ನು ಕೈಗಾರಿಕೆ, ವಿಜ್ಞಾನ, ವೈದ್ಯಗಳ ಉಪಯೋಗಕ್ಕೆಂದು ಮೀಸಲಿರಿಸಿತ್ತು. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅಲ್ಲಿಯೇ ನೆಲೆಸಿತು. ಇಂತಹ ಗದ್ದಲದ ಬೀದಿಯನ್ನೇ, ಸಂಕೇತವನ್ನು ಅಗಲವಾಗಿ ಹರಡಿ ಕಳುಹಿಸುವವರು ಪರವಾನಗಿ ಇಲ್ಲದೆಯೇ ಬಳಸಬಹುದೆಂದು 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಸಾರಿತು. (ಒಂದು ಕಂಪನಾಂಕದಿಂದ ಇನ್ನೊಂದಕ್ಕೆ ಹಾರುತ್ತ ಗದ್ದಲವನ್ನು ತಪ್ಪಿಸಿಕೊಳ್ಳುವ ಉಪಾಯಕ್ಕೆ 1942ರಲ್ಲಿಯೇ ಸ್ವಾಮ್ಯಪತ್ರ ಪಡೆದವರಲ್ಲಿ ಚಲಚ್ಚಿತ್ರ ನಟಿ ಹೆಡಿ ಲಮಾರ್ ಒಬ್ಬಳು, ಸಂಗೀತಗಾರ ಜಾರ್ಜ್ ಆಂಥೀಲ್‌ನೊಡನೆ ಆಕೆ ಸೂಚಿಸಿದ ಕಂಪನಾಂಕಗಳು 88, ಪಿಯಾನೊ ವಾದ್ಯದ ಕೀಲಿಗಳೂ ಅಷ್ಟೇ.)

ನಮ್ಮ ದೇಶದಲ್ಲಿ ಈ ಬಿಡುಗಡೆ ತಡವಾಗಿ ಬಂದಿತು. 1933ರ ನಿಸ್ತಂತು ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿದ್ದಿತು. ಮನೆಯಲ್ಲಿ ರೇಡಿಯೋ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡುದನ್ನು ನಮ್ಮ ಹಿರಿಯರು ಮರೆತಿಲ್ಲ. ಆ ಪದ್ಧತಿ 1980ರ ದಶಕದವರೆಗೂ ಇದ್ದಿತು. ಅಂತಹ ನಾಡಿನಲ್ಲಿ 2005ರ ಜನವರಿಯಲ್ಲಿ ಕೇಂದ್ರ ಸರಕಾರವು ನಿಯಮಗಳನ್ನು ಹೊರಡಿಸಿ, 2.4ರಿಂದ 2.4835 ಗಿಗಾಹರ್ಟ್ಸಿನವರೆಗಿನ ಪಟ್ಟಿಯಲ್ಲಿ ಅಲ್ಪಶಕ್ತಿಯ ಉಪಕರಣಗಳನ್ನು ಒಳಾಂಗಣದಲ್ಲಿಯೂ ಹೊರಾಂಗಣದಲ್ಲಿಯೂ ಲೈಸೆನ್ಸಿಲ್ಲದೆ ಬಳಸಲು ಅನುಮತಿಯಿತ್ತುದು ಸಣ್ಣ ಮಾತಲ್ಲ. ವೈ-ಫೈಗೆ ದೊರೆತ ಪ್ರಚಾರದಲ್ಲಿ ಕೀಲಿಮಣೆಗೆ ದೊರೆತ ಲಾಭವನ್ನು ಯಾರೂ ಗಮನಿಸಲಿಲ್ಲವಷ್ಟೆ. ಒಂದೇ ತರಂಗಪಟ್ಟಿ ಲೋಕದಲ್ಲೆಲ್ಲ ಮುಕ್ತವಾದುದರಿಂದ ದೇಶಕ್ಕೊಂದು ಬಗೆಯ ಉಪಕರಣವನ್ನು ತಯಾರಿಸುವ ಖರ್ಚು ಉಳಿಯಿತು. ನಾರ್ವೆಯ ನಾರ್ಡಿಕ್ ಸೆಮಿಕಂಡಕ್ಟರಿನಂತಹ ಕಂಪನಿಗಳು ರೇಡಿಯೋ ಯಂತ್ರವನ್ನೆಲ್ಲ ಒಂದೇ ಬಿಲ್ಲೆಯಲ್ಲಿ ಅಡಗಿಸಿ ರಾಶಿರಾಶಿಯಾಗಿ ಮಾರಿದುವು. ಬೆಲೆಯು ತಾನಾಗಿಯೇ ಇಳಿಯಿತು.

ಆದರೆ ಅಗ್ಗದ ವಸ್ತುವಿನಲ್ಲಿ ಕಡಿತವು ಕಣ್ಣಿಗೆ ಕಾಣದ ಕಡೆಯಲ್ಲಿಯೇ ಮೊದಲಾಗುವುದು ವಾಡಿಕೆ. 2016ರಲ್ಲಿ ಬ್ಯಾಸ್ಟಿಲ್ ಎಂಬ ಸಂಸ್ಥೆಯ ಸಂಶೋಧಕರು ಅನೇಕ ಪ್ರಸಿದ್ಧ ತಯಾರಕರ ಮೌಸುಗಳ ರೇಡಿಯೋ ಸಂದೇಶಕ್ಕೆ ಗೂಢಲಿಪಿಯ ರಕ್ಷಣೆಯೇ ಇಲ್ಲವೆಂದೂ, ಗಣಕಕ್ಕೆ ಸಿಕ್ಕಿಸಿದ ಪುಟ್ಟ ಗ್ರಾಹಕವನ್ನು ದೂರದಿಂದ ವಂಚಿಸಿ, ಒಡೆಯನು ಒತ್ತದ ಅಕ್ಷರಗಳನ್ನೂ ಒಳಕ್ಕೆ ಕಳುಹಿಸಬಹುದೆಂದೂ ತೋರಿಸಿಕೊಟ್ಟರು. ಗುಂಡಿಯ ಸಪ್ಪಳವನ್ನು ಅಂಗಡಿಯಲ್ಲಿ ಪರೀಕ್ಷಿಸಬಹುದು; ಇದನ್ನು ಪರೀಕ್ಷಿಸುವುದು ಹೇಗೆ?

ಕೀಲಿಮಣೆಯನ್ನು ಆಯ್ದುಕೊಳ್ಳುವಾಗ ಕನ್ನಡಿಗರಿಗೆ ಒಂದು ಚಿಂತೆ ಕಡಮೆ. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವು ಕನ್ನಡದ ವರ್ಣಮಾಲೆಯನ್ನೆಲ್ಲ ರೋಮನ್ ಅಕ್ಷರಗಳ ಇಪ್ಪತ್ತಾರು ಗುಂಡಿಗಳಲ್ಲಿಯೇ ಇರಿಸಿತು: ‘ಕೆ’ ಒತ್ತಿದರೆ ಕ, ಶಿಫ್ಟಿನೊಡನೆ ಒತ್ತಿದರೆ ಖ, ‘ಎಫ್’ ಒತ್ತಿದರೆ ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಇದೇ ವಿನ್ಯಾಸ ಬಳಕೆಗೆ ಬಂದುದರಿಂದ, ಕನ್ನಡವನ್ನು ಅಚ್ಚೊತ್ತಿದ ವಿಶೇಷ ಕೀಲಿಮಣೆಗಾಗಿ ಹೆಚ್ಚು ಹಣ ತೆರುವ ಅವಶ್ಯಕತೆಯೇ ಒದಗಲಿಲ್ಲ. ಪೇಟೆಯಲ್ಲಿ ಸಿಗುವ ಅತಿ ಅಗ್ಗದ ಜೋಡಿಯೂ ಹುಟ್ಟಿನಿಂದಲೇ ಕನ್ನಡದ ಕೀಲಿಮಣೆಯೇ ಆಗಿದೆ.

ಕೊಳ್ಳುವವರು ನೋಡಬೇಕಾದುದು ಬೇರೆ. ಗ್ರಾಹಕವನ್ನು ಅಡಗಿಸಿಡಲು ಮೌಸಿನ ಹೊಟ್ಟೆಯಲ್ಲಿ ಗೂಡು ಇರಲಿ, ಏಕೆಂದರೆ ಅಗ್ಗದ ಜೋಡಿಗಳಲ್ಲಿ ಅದು ಕಳೆದರೆ ಬಹುಮಟ್ಟಿಗೆ ಜೋಡಿಯೇ ನಿರುಪಯೋಗವಾಗುತ್ತದೆ. ಸೆಲ್ಲುಗಳು ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುವ ಬಗೆಯವಾಗಿರಲಿ. ಪೆಟ್ಟಿಗೆಯ ಮೇಲೆ 128 ಬಿಟ್ಟಿನ ಎ.ಇ.ಎಸ್. ಗೂಢಲಿಪಿಯ ಉಲ್ಲೇಖವಿದೆಯೇ ಎಂದು ಓದಿ ನೋಡಿ. ಇದ್ದರೆ ನೂರಿನ್ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇಲ್ಲವಾದರೆ ಅಂತಹ ಕೀಲಿಮಣೆಯಲ್ಲಿ ಕಥೆ ಕವನ ಬರೆಯಿರಿ, ಬ್ಯಾಂಕಿನ ಪಾಸ್‌ವರ್ಡ್ ಒತ್ತಬೇಡಿ.