ಶೀಘ್ರಗ್ರಾಹಿ ಮಸೂರಗಳ ಚರಿತ್ರೆಯೂ ನಿಕಟಚಿತ್ರಣದಲ್ಲಿ ಅವುಗಳ ವಿನಿಯೋಗವೂ

ಬೀಳಗಿ ತಾಲ್ಲೂಕಿನಲ್ಲಿ ಘಟಪ್ರಭೆಯ ದಡದ ಮೇಲಿರುವ ಅನಗವಾಡಿಯು ಪ್ರಾಕ್ತನಶಾಸ್ತ್ರಜ್ಞರಿಗೆ ಅಪರಿಚಿತವಾದ ಗ್ರಾಮವಲ್ಲ. ಅಲ್ಲಿಯ ನದೀತೀರದ ಗರಸು ಪದರಗಳಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಗಳು ದೊರೆತಿರುವುವು. ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯನ್ನು ಕುರಿತು 1876ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟರಿಂದ ಮೊದಲಾಗಿ, ಮೇಲ್ಕೃಷ್ಣಾ ಕಣಿವೆಯ ವಿಷಯವಾಗಿ 1974ರಲ್ಲಿ ಗ್ರಂಥವನ್ನು ಹೊರಪಡಿಸಿದ ಪುಣೆಯ ಡೆಕ್ಕನ್ ಕಾಲೇಜಿನ ಆರ್. ಎಸ್. ಪಪ್ಪು ಅವರವರೆಗೆ ಈ ಸೀಮೆಯ ಶೋಧನೆಯು ನಡೆದುಬಂದಿದೆ. ಇಂತಹ ಕಲ್ಲಿನ ಉಪಕರಣವೊಂದನ್ನು ವಿದ್ವಾಂಸರ ಮುಂದಿಡಬೇಕಾದರೆ, ಅದರ ಮೈಮೇಲೆ ಚಕ್ಕೆ ಎದ್ದ ಗುರುತುಗಳೂ ಅವುಗಳೊಳಗಿನ ತೆರೆಯಂತಹ ರೇಖೆಗಳೂ ಕಾಣುವಂತೆ ಅತಿ ಸಮೀಪದಿಂದ ಛಾಯಾಚಿತ್ರವನ್ನು ತೆಗೆಯಬೇಕಾಗುವುದು. ಈಚಿನ ವರ್ಷಗಳಲ್ಲಿ ನಿಕಟಚಿತ್ರಣಕ್ಕಾಗಿ ಕೆಲವರು ಒಂದು ವಿಚಿತ್ರವಾದ ಸಾಧನವನ್ನು ಅವಲಂಬಿಸಿರುವರು. ಆಸ್ಪತ್ರೆಗಳಿಗೂ ಕಾರ್ಖಾನೆಗಳಿಗೂ ನಿರ್ಮಿತವಾಗಿ ಅಲ್ಲಿಂದ ನಿವೃತ್ತವಾದ ಮಹಾರಂಧ್ರದ ಮಸೂರಗಳೇ ಆ ಸಾಧನ. ಅವು ಹುಟ್ಟಿದ ಬಗೆಯನ್ನರಿಯದೆ ಅವುಗಳ ಗುಣದೋಷಗಳನ್ನು ನಿರ್ಣಯಿಸುವುದು ಶಕ್ಯವಲ್ಲ.

ಮೊದಲು ಶಬ್ದವಿಚಾರ. ಲ್ಯಾಟಿನಿನಲ್ಲಿ ‘ಲೆನ್ಸ್’ ಎಂಬುದು ಒಂದು ಬೇಳೆಯ ಹೆಸರು. ನಾವು ಚನ್ನಂಗಿ ಎಂದು ಕರೆಯುವ ಕಾಳೇ ಅದು. ಸಂಸ್ಕೃತದಲ್ಲಿ ‘ಮಸೂರ’ವೆಂದರೂ ಅದೇ ಧಾನ್ಯ. ಎರಡು ಕಡೆಯೂ ಉಬ್ಬಿದ ಗಾಜಿಗೆ ಈ ಹೆಸರನ್ನು ಕೊಟ್ಟವರು ಅನುವಾದವನ್ನು ಚೆನ್ನಾಗಿಯೇ ಮಾಡಿದರೆನ್ನಬೇಕು. ಕಿರಣಗಳನ್ನು ಒಂದೆಡೆ ಕೂಡಿಸುವ ಸಂಗತಿಯಾದರೋ ನಮ್ಮಲ್ಲಿ ಪ್ರಾಚೀನವಾದುದು. ಉಜ್ಜಿ ಹೊಳಪಿಸಿದ ಕಂಚನ್ನಾಗಲಿ ಮಣಿಯನ್ನಾಗಲಿ ಸೂರ್ಯನಿಗೆ ಎದುರಾಗಿ, ಒಣಗಿದ ಗೋಮಯಕ್ಕೆ ತಾಗದಂತೆ ಹಿಡಿದರೆ ಅದು ಹೊತ್ತಿಕೊಳ್ಳುವುದೆಂದು ಯಾಸ್ಕನು ನಿರುಕ್ತದ ಏಳನೆಯ ಅಧ್ಯಾಯದಲ್ಲಿ ಹೇಳಿರುವನು. ಕಾಳಿದಾಸನ ಶಾಕುಂತಲದಲ್ಲಿ ತಪಸ್ವಿಗಳ ಗೂಢತೇಜಸ್ಸಿಗೆ ಸೂರ್ಯಕಾಂತವು ಉಪಮಾನವಾಗಿ ಬಂದಿದೆ. ಆದರೆ ಇವೆರಡೂ ದಹನದ ಮಾತುಗಳೇ ಹೊರತು ಬಿಂಬದ ಮಾತುಗಳಲ್ಲ; ಇಲ್ಲಿ ಛಾಯಾಗ್ರಹಣದ ಮೂಲವನ್ನು ಹುಡುಕುವುದು ಸಾಹಸವೇ ಸರಿ.

ಮಸೂರದ ‘ವೇಗ’ವೆಂಬುದು ಲಾಕ್ಷಣಿಕ ಪ್ರಯೋಗ. ಮಸೂರವು ಓಡುವುದಿಲ್ಲ, ಹೆಚ್ಚು ಬೆಳಕನ್ನು ಒಳಕ್ಕೆ ಬಿಟ್ಟು ಚಿತ್ರವನ್ನು ಬೇಗ ಮುಗಿಸುವುದರಿಂದ ಅದು ಶೀಘ್ರಗ್ರಾಹಿ. ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿ ಬಂದ ಲಬ್ಧವನ್ನು ಎಫ್-ಸಂಖ್ಯೆಯೆನ್ನುವರು. ಈ ಸಂಖ್ಯೆಯು ಅರ್ಧಕ್ಕಿಳಿದರೆ ಬೆಳಕು ನಾಲ್ಕುಮಡಿಯಾಗುವುದು. ಬಿಂಬವು ಸ್ಫುಟವಾಗಿರಬೇಕಾದರೆ ಗಾಳಿಯಲ್ಲಿ ಈ ಸಂಖ್ಯೆಯು 0.5ಕ್ಕಿಂತ ಕೆಳಗಿಳಿಯಲಾರದು, ಇದು ಶಿಲ್ಪಿಯ ಅಸಾಮರ್ಥ್ಯವಲ್ಲ, ಪ್ರಕೃತಿಯ ನಿಯಮ.

1839ರಲ್ಲಿ ದಗೇರನ ವಿಧಾನವು ಪ್ರಕಟವಾದಾಗ ಬಳಕೆಯಲ್ಲಿದ್ದ ಶೆವಲಿಯೇ ಮಸೂರದ ಸಂಖ್ಯೆಯು ಸುಮಾರು 15. ಮನುಷ್ಯನು ಬಿಸಿಲಿನಲ್ಲಿ ನಿಮಿಷಗಟ್ಟಲೆ ಕಣ್ಣುಮಿಟುಕಿಸದೆ ಕುಳಿತಿರಬೇಕಾಗಿತ್ತು. 1840ರಲ್ಲಿ ವಿಯೆನ್ನಾ ನಗರದ ಗಣಿತೋಪಾಧ್ಯಾಯನಾದ ಯೋಸೆಫ್ ಪೆಟ್ಸ್‌ವಾಲನು ಗಣಿತದಿಂದಲೇ ಸಾಧಿಸಿ, ಫೊಯ್ಕ್ಟ್‌ಲೆಂಡರನು ತಯಾರಿಸಿದ ಮಸೂರದ ಸಂಖ್ಯೆಯು ಸುಮಾರು 3.6, ಎಂದರೆ ಬೆಳಕು ಹದಿನೇಳು ಮಡಿ. ಮುಖಚಿತ್ರವು ಸಾಧ್ಯವಾದುದು ಇದರಿಂದಲೇ. ಕರ್ನಾಟಕದಲ್ಲಿ ಮಾತ್ರ ಆರಂಭದ ಛಾಯಾಗ್ರಾಹಕರಿಗೆ ಮುಖಗಳಿಗಿಂತಲೂ ಕಲ್ಲುಗಳು ಪ್ರಿಯವಾಗಿದ್ದವು. ಬಿಗ್ಸ್, ಪಿಗೌ, ನೀಲ್ ಎಂಬವರು ತೆಗೆದ ದೇವಾಲಯಚಿತ್ರಗಳು ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥದಲ್ಲಿ, ಫರ್ಗ್ಯುಸನ್ ಮತ್ತು ಮೆಡೋಸ್ ಟೇಲರರ ಲೇಖನಗಳೊಡನೆ, 1866ರಲ್ಲಿ ಅಚ್ಚಾದುವು. ಕಲ್ಲು ಅಲುಗಾಡುವುದಿಲ್ಲವಾದ್ದರಿಂದ ಅವರಿಗೆ ವೇಗದ ಮಸೂರವು ಬೇಕಾಗಿರಲಿಲ್ಲ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ವೇಗವು ಜೀವನ್ಮರಣಗಳ ಪ್ರಶ್ನೆಯಾದುದು ಕ್ಷಯರೋಗದ ಮೂಲಕ. ರಂಟ್ಗೆನನು 1895ರಲ್ಲಿ ಕಂಡುಹಿಡಿದ ಕ್ಷಕಿರಣಗಳು ಮಿನುಗುವ ಪರದೆಯ ಮೇಲೆ ಎದೆಯ ನೆರಳನ್ನು ಬೀಳಿಸುವುವು; ಆದರೆ ಆ ಬೆಳಕು ಅತ್ಯಂತ ಕ್ಷೀಣ. ಒಬ್ಬೊಬ್ಬನಿಗೂ ದೊಡ್ಡ ಹಾಳೆಯ ಚಿತ್ರವನ್ನು ತೆಗೆಯಲು ಹಣವು ಸಾಲದು. ಪರದೆಯನ್ನೇ ಚಿಕ್ಕ ಫಿಲ್ಮಿನ ಮೇಲೆ ಸೆರೆಹಿಡಿದರೆ ಸಾವಿರಾರು ಜನರನ್ನು ಪರೀಕ್ಷಿಸಬಹುದೆಂಬುದನ್ನು ರಿಯೊ ಡಿ ಜನೈರೊ ನಗರದಲ್ಲಿ ಮಾನುವೆಲ್ ದ ಅಬ್ರೆಯು 1936ರಲ್ಲಿ ಮಾಡಿ ತೋರಿಸಿದನು. ಉಸಿರು ಹಿಡಿದು ನಿಂತವನ ಹೃದಯವು ಮಿಡಿಯುತ್ತಲೇ ಇರುವುದು. ಕಿರಣಗಳನ್ನು ಹೆಚ್ಚಿಸಿದರೆ ದೇಹಕ್ಕೆ ಹಾನಿ. ಆದ್ದರಿಂದ ಉಳಿದ ಭಾರವೆಲ್ಲ ಮಸೂರದ ಮೇಲೆಯೇ ಬಿದ್ದಿತು. ಜೈಸ್ ಸಂಸ್ಥೆಯ ಆರ್-ಬಯೋಟಾರ್ (0.85), ಹಾಲೆಂಡಿನ ಔಡೆ ಡೆಲ್ಫ್ಟ್ ಸಂಸ್ಥೆಯ ರೇಕ್ಸಾರ್ (0.75), ರೋಡೆನ್‌ಸ್ಟಾಕಿನ ಎಕ್ಸ್‌ಆರ್-ಹೆಲಿಗೋನ್ ಮೊದಲಾದುವು ಈ ವಂಶದವು. ಕೆಲವೆಡೆ ಮಸೂರಕ್ಕೆ ಬದಲಾಗಿ ಕನ್ನಡಿಯ ಕ್ಯಾಮರಾಗಳೂ ಬಂದುವು.

ಭಾರತದಲ್ಲಿ 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಈ ಕಿರುಚಿತ್ರಗಳನ್ನು ಅವಲಂಬಿಸಿದ್ದಿತು. ಕ್ಷಯವು ಪಟ್ಟಣದ ರೋಗವೆಂದು ಎಲ್ಲರೂ ನಂಬಿದ್ದರು. ಹಳ್ಳಿಗಳಲ್ಲಿಯೂ ಅದು ಅಷ್ಟೇ ಹರಡಿರುವುದೆಂದೂ, ಸಾವಿರಕ್ಕೆ ಎರಡರಿಂದ ಎಂಟು ಮಂದಿಯ ಕಫದಲ್ಲಿ ರೋಗಾಣುಗಳಿವೆಯೆಂದೂ ತಿಳಿದುಬಂದಿತು. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಗಿ, 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ ನೆಹರೂ ಅವರಿಂದ ಉದ್ಘಾಟಿತವಾಯಿತು. ಆ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿಯೂ, ಬಳಿಕ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿಯೂ ಯಂತ್ರವನ್ನು ಹೊತ್ತು ಮನೆಮನೆಯವರ ಎದೆಯ ಚಿತ್ರಗಳನ್ನು 70 ಮಿಲಿಮೀಟರ್ ಫಿಲ್ಮಿನ ಮೇಲೆ ತೆಗೆದರು. ಸ್ವಾರಸ್ಯವೇನೆಂದರೆ, ಯಂತ್ರದ ಮಿತಿಯು ಹೊರಬಿದ್ದುದೂ ಇಲ್ಲಿಯೇ. ತುಮಕೂರಿನ ಗ್ರಾಮಗಳಲ್ಲಿ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ರೋಗಿಗಳನ್ನೇ ಕೇಳಿನೋಡಿ 1963ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅರ್ಧಕ್ಕಿಂತ ಹೆಚ್ಚು ಮಂದಿ ಕೆಮ್ಮಿನ ಬಾಧೆಯಿಂದ ತಾವಾಗಿಯೇ ಸರ್ಕಾರಿ ದವಾಖಾನೆಗೆ ಹೋಗಿದ್ದರು; ಅಲ್ಲಿ ಅವರ ಕಫವನ್ನು ನೋಡುವವರಿರಲಿಲ್ಲ. ಹಳ್ಳಿಗೆ ಬಂಡಿಯನ್ನು ಓಡಿಸುವುದಕ್ಕಿಂತ ದವಾಖಾನೆಯಲ್ಲಿ ಸೂಕ್ಷ್ಮದರ್ಶಕವನ್ನಿಡುವುದು ಮೇಲೆಂಬುದಾಯಿತು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಸಮಿತಿಯು ವಿವೇಚನೆಯಿಲ್ಲದ ಸಾಮೂಹಿಕ ಕಿರುಚಿತ್ರಣವನ್ನು ಕೈಬಿಡಲು ಹೇಳಿತು. ಮಸೂರವನ್ನು ಸೋಲಿಸಿದುದೂ ಮಸೂರವೇ. ಎಣ್ಣೆಯ ಹನಿಯಲ್ಲಿ ಮುಳುಗಿ ಕೆಲಸಮಾಡುವ ಸೂಕ್ಷ್ಮದರ್ಶಕದ ಗಾಜು, ಗಾಳಿಗೆ ವಿಧಿಸಿದ 0.5ರ ಗಡಿಯನ್ನು ದಾಟಿ 0.4ರಷ್ಟಕ್ಕೆ ಸಲ್ಲುವುದು.

ಹೀಗೆ ಕೆಲಸವಿಲ್ಲದಾದ ಗಾಜುಗಳು ಹಳೆಯ ಸಾಮಾನಿನ ಪೇಟೆಯನ್ನು ಸೇರಿದುವು. ಅವುಗಳ ಹಿಂಬದಿಯ ಗಾಜು ಫಿಲ್ಮಿಗೆ ತಾಗುವಷ್ಟು ಸಮೀಪವಿರಬೇಕಾದ್ದರಿಂದ, ಒಳಗೆ ಕನ್ನಡಿಯುಳ್ಳ ಕ್ಯಾಮರಾಗಳಿಗೆ ಅವು ಹೊಂದಲಿಲ್ಲ; 2008ರಿಂದ ಕನ್ನಡಿಯಿಲ್ಲದ ಕ್ಯಾಮರಾಗಳು ಬಂದ ಮೇಲೆ ಅವಕ್ಕೆ ಪುನರ್ಜನ್ಮವಾಯಿತು. ಆಗಲೂ ದೂರದ ಬೆಟ್ಟವು ಅವುಗಳಿಗೆ ಕಾಣದು. ಗೇಣಿನೊಳಗಿನ ವಸ್ತುವೇ ಗತಿ. ನಿಕಟಚಿತ್ರಣಕ್ಕೆ ಅವು ಒದಗಿದುದು ಅರ್ಧ ಗುಣದಿಂದ, ಅರ್ಧ ಅನಿವಾರ್ಯದಿಂದ. ಬಹುತೇಕ ಇವುಗಳಿಗೆ ರಂಧ್ರವನ್ನು ಕಿರಿದುಗೊಳಿಸುವ ಏರ್ಪಾಡಿಲ್ಲ. ಪರದೆಯ ಒಂದೇ ಬಣ್ಣದ ಬೆಳಕಿಗೆ ತಿದ್ದಲ್ಪಟ್ಟಿರುವುದರಿಂದ ಬಿಳಿಯ ಬೆಳಕಿನಲ್ಲಿ ಅಂಚುಗಳಿಗೆ ಬಣ್ಣ ಕಟ್ಟುವುದು. ಫಿಲ್ಮಿನ ಪ್ರತಿಯನ್ನು ಸಮಪ್ರಮಾಣದಲ್ಲಿ ತೆಗೆಯಲೆಂದೇ ರಚಿತವಾದ ಜಪಾನಿನ ರೆಪ್ರೊ-ನಿಕ್ಕೋರ್ (85 ಮಿ.ಮೀ., 1.0) ಈ ದೋಷಗಳಿಂದ ದೂರವಾದುದು, ದುರ್ಲಭವೂ ಹೌದು. 1966ರಲ್ಲಿ ಜೈಸ್ ಸಂಸ್ಥೆಯು ಹತ್ತೇ ಹತ್ತು ಮಾಡಿದ 0.7ರ ಪ್ಲಾನಾರಿನ ಕಥೆಯೂ, ಅದರಿಂದ ಕ್ಯೂಬ್ರಿಕ್ಕನು ಮೋಂಬತ್ತಿಯ ಬೆಳಕಿನಲ್ಲಿ ಚಿತ್ರೀಕರಿಸಿ 1975ರಲ್ಲಿ ಹೊರತಂದ ಚಲಚ್ಚಿತ್ರದ ಕಥೆಯೂ ಪ್ರಸಿದ್ಧವಾಗಿರುವುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ.

ಪ್ರಕೃತ ಪ್ರಶ್ನೆ ಶಾಸನ, ತಾಮ್ರಪಟ, ಕೈಗೊಡಲಿಗಳಿಗೆ ಇವು ಸಲ್ಲುವುವೇ ಎಂಬುದು. ವಸ್ತುವಿನಷ್ಟೇ ದೊಡ್ಡ ಬಿಂಬವನ್ನು ಪಡೆಯುವಾಗ ಮಸೂರದ ಸಂಖ್ಯೆಯು ಇಮ್ಮಡಿಯಾದಂತೆ ವರ್ತಿಸುವುದು, 1.0ರ ಮಸೂರವು 2.0ರದರಷ್ಟೇ ಬೆಳಕನ್ನು ಕೊಡುವುದು. ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಅಳತೆಯಲ್ಲಿ ಆಗ ಸ್ಫುಟವಾಗಿ ಕಾಣುವ ಆಳವು ಸುಮಾರು 0.12 ಮಿಲಿಮೀಟರ್ ಮಾತ್ರ. ಹೂವಿನ ಕೇಸರದ ತುದಿಯೊಂದನ್ನು ತೋರಿ ಉಳಿದುದನ್ನೆಲ್ಲ ಮಂಜಿನಲ್ಲಿ ಕರಗಿಸಲು ಇದು ರಮ್ಯ; ಅಲಂಕಾರಶಾಸ್ತ್ರದ ಭಾಷೆಯಲ್ಲಿ ವ್ಯಂಗ್ಯಪ್ರಧಾನವಾದ ಚಿತ್ರ. ಶಾಸನವಾದರೋ ವಾಚ್ಯವನ್ನೇ ಬೇಡುವುದು. ಅಕ್ಷರದ ಅಂಚು ಕಂಡರೆ ತಳವು ಕಾಣದು, ತಳವು ಕಂಡರೆ ಅಂಚು ಕಾಣದು. ಸವೆದ ಕಲ್ಲಿನ ಮೇಲೆ ಪ-ಷಗಳ ಭೇದವು ಒಂದು ಸಣ್ಣ ಗೀರಿನಲ್ಲಿರುವಾಗ ಆ ಗೀರೇ ಮಸುಕಾದರೆ ಪಾಠವೇ ಕೆಡುವುದು. ತಾಳೆಯೋಲೆಯ ಸಹಜವಾದ ಬಾಗೂ ಈ ಆಳವನ್ನು ಮೀರುವುದು. ಬಾದಾಮಿಯ ಮೂರನೆಯ ಗುಹೆಯಲ್ಲಿ ಉಳಿದಿರುವ ವರ್ಣಚಿತ್ರದ ತುಣುಕುಗಳಿಗೆ, ಮಂದಪ್ರಕಾಶದ ಕಾರಣದಿಂದ, ಇವು ಉಚಿತವೆಂದು ತೋರಬಹುದು. ಆದರೆ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ಹೆಚ್ಚು ಹೊತ್ತು ತೆರೆದಿಟ್ಟರೆ ಸಾಧಾರಣ ಮಸೂರದಿಂದಲೇ ಅದು ಸಾಧ್ಯ. ಗೋಡೆಯು ಕೆಮ್ಮುವುದಿಲ್ಲ, ಉಸಿರಾಡುವುದಿಲ್ಲ.

ಅನೇಕ ಚಿತ್ರಗಳನ್ನು ಅಂಗುಲಾಂಶಗಳಷ್ಟು ಸರಿಸುತ್ತ ತೆಗೆದು ಗಣಕಯಂತ್ರದಿಂದ ಒಂದಾಗಿ ಕೂಡಿಸುವ ಉಪಾಯವೂ ಈಗ ಉಂಟು. ಅನಗವಾಡಿಯ ಕೈಗೊಡಲಿಯ ಒಂದು ಚಕ್ಕೆಯ ಗುರುತು 10 ಮಿಲಿಮೀಟರ್ ಆಳವಿದ್ದಿತೆಂದು ಭಾವಿಸಿದರೆ, 1.0ರ ಮಸೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟು ಚಿತ್ರಗಳು ಬೇಕು. ಸಾಮಾನ್ಯವಾದ ನಿಕಟಮಸೂರವನ್ನು 5.6ಕ್ಕೆ ಕಿರಿದುಗೊಳಿಸಿ, ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ, ಹದಿನೈದು ಸಾಕು.